ಬಾಯಿಮಾತಿನಲ್ಲಿ ಬಂದ ಸೆನ್ಸಾರ್‌ಗೆ ಲಿಖಿತ ಕೇಳಿ

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಮೂಡಿಗೆರೆಯಿಂದ ಒಂದು ಪಾಕ್ಷಿಕ ನಡೆಸುತ್ತಿದ್ದೇವೆ. ನೋಂದಣಿ ಆಗಿದೆ. ಹೆಚ್ಚುಕಮ್ಮಿ ಚಂದಾ ಹಣದಲ್ಲೇ ನಡೆಯುತ್ತದೆ. ಗೋಮಾಳದಲ್ಲಿ ಎದ್ದ ಒಂದು ರೆಸಾರ್ಟ್ ಬಗ್ಗೆ, ಅದರ ರಸ್ತೆಗಾಗಿ ಹಳ್ಳ ಮುಚ್ಚಿದ್ದರ ಬಗ್ಗೆ ಎರಡು ಸಂಚಿಕೆಗಳಲ್ಲಿ ಬರೆದೆವು. ಆಮೇಲೆ ಒಂದರ ಹಿಂದೆ ಒಂದು ತೊಂದರೆ. ಠಾಣೆಯಿಂದ ಫೋನ್ ಮಾಡಿ ‘ಒಮ್ಮೆ ಬಂದು ಹೋಗಿ’ ಎಂದರು. ಒಬ್ಬ ಅಧಿಕಾರಿ ‘ಮುಂದೆ ಇಂಥದ್ದು ಹಾಕುವ ಮೊದಲು ನಮಗೊಮ್ಮೆ ತೋರಿಸಿ’ ಎಂದರು. 5 ಕೋಟಿ ರೂಪಾಯಿ ಪರಿಹಾರ ಮತ್ತು ಕ್ಷಮಾಪಣೆ ಕೇಳಿ ವಕೀಲರ ನೋಟಿಸ್ ಬಂತು. ಅಚ್ಚು ಹಾಕುತ್ತಿದ್ದ ಪ್ರೆಸ್‌ನವರು ಇನ್ನು ಆಗುವುದಿಲ್ಲ ಎಂದರು. ಜಾಹೀರಾತು ಕೊಡುತ್ತಿದ್ದ ಇಬ್ಬರು ಹಿಂದೆ ಸರಿದರು. ಇದನ್ನು ಸೆನ್ಸಾರ್ ಅನ್ನಬಹುದೇ? ಪತ್ರಿಕೆಯನ್ನು ಇವರು ಮುಚ್ಚಿಸಬಹುದೇ? ಕ್ಷಮಾಪಣೆ ಹಾಕಿ ಮುಗಿಸಿಬಿಡಬೇಕೇ?

ಉತ್ತರ: ಮೊದಲು ಧೈರ್ಯಕ್ಕೆ ಬೇಕಾದ ಮಾತು. ನೀವು ಹೇಳಿದವರಲ್ಲಿ ಯಾರಿಗೂ ನಿಮ್ಮ ಪತ್ರಿಕೆ ಮುಚ್ಚಿಸುವ ಅಧಿಕಾರ ಇಲ್ಲ. ಠಾಣೆಗೂ ಇಲ್ಲ, ಆ ಅಧಿಕಾರಿಗೂ ಇಲ್ಲ, ನೋಟಿಸ್ ಕಳಿಸಿದ ವಕೀಲರಿಗೂ ಇಲ್ಲ. ಆದರೂ ಇದು ಸೆನ್ಸಾರೇ. ಯಾರೂ ಸಹಿ ಹಾಕದ, ಯಾರೂ ಹೊಣೆ ಹೊರದ ಸೆನ್ಸಾರ್. ನಾನು ಹಾಸನದಲ್ಲಿ ವಕೀಲಿ ಮಾಡುತ್ತೇನೆ. ಸಣ್ಣ ಪತ್ರಿಕೆಯವರು ಸಲಹೆ ಕೇಳಿ ಬಂದಾಗಲೆಲ್ಲ ಮೊದಲು ಹೇಳುವುದು ಒಂದೇ ಮಾತು: ‘ಲಿಖಿತದಲ್ಲಿ ಕೊಡಿ ಅಂತ ಕೇಳಿ.’ ನಮ್ಮ ಕಾನೂನಿನಲ್ಲಿ ಪತ್ರಿಕೆಗೆ ಇರುವ ರಕ್ಷಣೆ ಸಣ್ಣದಲ್ಲ. ಆದರೆ ಅದು ಕೆಲಸ ಮಾಡುವುದು ಆದೇಶದ ಮೇಲೆ, ನೋಟಿಸ್ ಮೇಲೆ, ದಾವೆಯ ಮೇಲೆ. ಫೋನಿನಲ್ಲಿ ಬಂದ ಮಾತನ್ನು ಯಾವ ಹೈಕೋರ್ಟೂ ರದ್ದು ಮಾಡಲಾರದು. ಹಾಗಾಗಿ ಬಾಯಿಮಾತನ್ನು ಕಾಗದಕ್ಕೆ ಇಳಿಸುವುದೇ ನಿಮ್ಮ ಮೊದಲ ಕೆಲಸ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸ್ವತಂತ್ರ ಭಾರತದಲ್ಲಿ ಪತ್ರಿಕಾ ಸ್ವಾತಂತ್ರ್ಯದ ಮೊದಲ ದೊಡ್ಡ ತೀರ್ಪುಗಳು ಬಂದಿದ್ದು ದಿನಪತ್ರಿಕೆಗಳಿಂದ ಅಲ್ಲ, ವಾರಪತ್ರಿಕೆಗಳಿಂದ. ರೊಮೇಶ್ ಥಾಪರ್ ಬಾಂಬೆಯಿಂದ ‘ಕ್ರಾಸ್ ರೋಡ್ಸ್’ ಎಂಬ ಇಂಗ್ಲಿಷ್ ವಾರಪತ್ರಿಕೆ ತರುತ್ತಿದ್ದರು. 1950ರ ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ತನ್ನ ರಾಜ್ಯದೊಳಗೆ ಅದು ಬರಬಾರದು, ಮಾರಾಟವಾಗಬಾರದು ಎಂದು ಆದೇಶ ಹೊರಡಿಸಿತು. ಆಗ ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಮೈಸೂರು ರಾಜ್ಯದಲ್ಲಿದ್ದವು. ಚಾರ್ಮಾಡಿ ಘಾಟಿ ಇಳಿದರೆ ಮದ್ರಾಸ್ ರಾಜ್ಯ. ಅಂದರೆ ನಿಮ್ಮ ಮೂಡಿಗೆರೆಯಲ್ಲಿ ಓದಬಹುದಾದ ಪತ್ರಿಕೆ ಬೆಳ್ತಂಗಡಿಯಲ್ಲಿ ನಿಷಿದ್ಧ. ಥಾಪರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷದ ಮೇ ತಿಂಗಳಲ್ಲಿ ಕೋರ್ಟ್ ಆದೇಶವನ್ನು ರದ್ದು ಮಾಡಿತು. ಪ್ರಕಟಿಸುವ ಸ್ವಾತಂತ್ರ್ಯದಲ್ಲಿ ಹಂಚುವ ಸ್ವಾತಂತ್ರ್ಯವೂ ಸೇರಿದೆ ಎಂದಿತು. ಅದೇ ದಿನಗಳಲ್ಲಿ ದೆಹಲಿಯ ‘ಆರ್ಗನೈಸರ್’ ವಾರಪತ್ರಿಕೆಗೆ ‘ಅಚ್ಚಿಗೆ ಮೊದಲು ತೋರಿಸಿ’ ಎಂದು ಕೊಟ್ಟಿದ್ದ ಆದೇಶವೂ ಬಿತ್ತು. ಒಂದು ಎಡಪಂಥದ ಪತ್ರಿಕೆ, ಇನ್ನೊಂದು ಬಲಪಂಥದ್ದು. ಇಬ್ಬರನ್ನೂ ಕಾಪಾಡಿದ್ದು ಮಾತಿನ, ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುವ ಸಂವಿಧಾನದ ಅದೇ 19(1)(ಎ) ವಿಧಿ. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನಮಗೆ ಹಿಡಿಸದ ಪತ್ರಿಕೆಯ ಬಾಯಿ ಮುಚ್ಚಿದಾಗ ಸುಮ್ನೆ ಕೂತವರು ನಮ್ಮದನ್ನು ಮುಚ್ಚಿದಾಗ ಯಾವ ಬಾಯಲ್ಲಿ ಕೇಳುವುದು?

ಆ ಗೆಲುವಿಗೆ ಸರ್ಕಾರದ ಪ್ರತಿಕ್ರಿಯೆ ತಡವಾಗಲಿಲ್ಲ. 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ಇಂಥ ಕಾರಣಗಳಿಗೂ ನಿರ್ಬಂಧ ಹಾಕಬಹುದು ಎಂದಾಯಿತು. ಆದರೆ ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಪದವೂ ಅದೇ ತಿದ್ದುಪಡಿಯಲ್ಲಿ ಸೇರಿತು. ಇವತ್ತು ಕೋರ್ಟುಗಳು ಅಳೆಯುವುದು ಆ ಒಂದು ಪದವನ್ನು ಹಿಡಿದೇ.

ಅದೇ ಥಾಪರ್ ದಂಪತಿ 1959ರಲ್ಲಿ ‘ಸೆಮಿನಾರ್’ ಮಾಸಿಕ ಶುರು ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಪ್ರತಿ ಸಂಚಿಕೆಯನ್ನೂ ಮುಂಚಿತವಾಗಿ ತೋರಿಸಬೇಕೆಂಬ ಆದೇಶ ಬಂದಾಗ ಅವರು ಪತ್ರಿಕೆಯನ್ನೇ ನಿಲ್ಲಿಸಿದರು. ತೋರಿಸಿ ಅಚ್ಚು ಹಾಕುವುದಕ್ಕಿಂತ ನಿಲ್ಲಿಸುವುದು ವಾಸಿ ಎಂಬ ತೀರ್ಮಾನ ಅದು. ಬಾಂಬೆಯ ‘ಫ್ರೀಡಂ ಫಸ್ಟ್’ ಮಾಸಿಕದ ಮಿನೂ ಮಸಾನಿ ಬೇರೆ ದಾರಿ ಹಿಡಿದರು. ಸೆನ್ಸಾರ್ ಅಧಿಕಾರಿ ಹೊಡೆದು ಹಾಕಿದ ಬರಹಗಳನ್ನು ಹಿಡಿದು ಬಾಂಬೆ ಹೈಕೋರ್ಟಿಗೆ ಹೋದರು, 1976ರಲ್ಲಿ ಗೆದ್ದರು. ತುರ್ತು ಪರಿಸ್ಥಿತಿಯ ನಡುವೆಯೇ! ಹೇಗೆ ಸಾಧ್ಯವಾಯಿತು? ಅಧಿಕಾರಿಯ ತೀರ್ಮಾನ ಕಾಗದದ ಮೇಲೆ ಇತ್ತು. ಆ ಕಾಗದವನ್ನು ಸೆನ್ಸಾರ್ ಆದೇಶದ ಪಕ್ಕ ಇಟ್ಟು ನ್ಯಾಯಾಧೀಶರು ನೋಡಿದರು. ಆದೇಶ ಕೊಟ್ಟ ಅಧಿಕಾರವನ್ನೂ ಮೀರಿ ಅಧಿಕಾರಿ ಕತ್ತರಿ ಆಡಿಸಿದ್ದು ಕಂಡಿತು.

ಇದೆಲ್ಲ ದೂರದ ಊರಿನ ಕಥೆ ಎಂದು ನಮ್ಮ ಕಡೆಯವರು ಹೇಳುವಂತಿಲ್ಲ. ಸೆನ್ಸಾರ್ ಹೇರಿದ್ದ ಇಂದಿರಾ ಗಾಂಧಿಯವರು 1978ರ ನವೆಂಬರ್‌ನಲ್ಲಿ ಲೋಕಸಭೆಗೆ ಮರಳಿದ್ದು ಚಿಕ್ಕಮಗಳೂರಿನಿಂದಲೇ, ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಿಂದ. ಎದುರಿಗೆ ವೀರೇಂದ್ರ ಪಾಟೀಲರು. ಅಷ್ಟು ಹೊತ್ತಿಗೆ ಸೆನ್ಸಾರ್ ಹೋಗಿತ್ತು. ಪರವಾಗಿ ಬರೆಯುವವರು, ವಿರುದ್ಧ ಬರೆಯುವವರು ಯಾರೂ ಅಧಿಕಾರಿಯ ಸಹಿಗೆ ಕಾಯಬೇಕಿರಲಿಲ್ಲ. ಸ್ವಾತಂತ್ರ್ಯ ಕಸಿದವರಿಗೂ ಸೋತ ಮೇಲೆ ಅದೇ ಸ್ವಾತಂತ್ರ್ಯ ಬೇಕಾಗುತ್ತದೆ.

ಈಗ ನಿಮ್ಮ ಸಂಗತಿಗೆ ಬರೋಣ. ‘ಮುಂದೆ ನಮಗೊಮ್ಮೆ ತೋರಿಸಿ’ ಎಂದ ಅಧಿಕಾರಿಯದು ಇದ್ದುದರಲ್ಲಿ ಸುಲಭದ ವಿಷಯ. ಇದಕ್ಕೆ ನೇರವಾದ ಸುಪ್ರೀಂ ಕೋರ್ಟ್ ತೀರ್ಪಿದೆ, ಅದೂ ಒಂದು ಪ್ರಾದೇಶಿಕ ಭಾಷೆಯ ವಾರಪತ್ರಿಕೆಯ ಪ್ರಕರಣದಲ್ಲಿ. ತಮಿಳಿನ ‘ನಕ್ಕೀರನ್’ ಪತ್ರಿಕೆ, ಗಲ್ಲು ಶಿಕ್ಷೆಯಾಗಿದ್ದ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆ ಹಾಕುವುದಾಗಿ ಪ್ರಕಟಿಸಿತ್ತು. ಅದರಲ್ಲಿ ಕೆಲವು ಅಧಿಕಾರಿಗಳ ಹೆಸರು ಬರುವುದಿತ್ತು. ಜೈಲು ಇಲಾಖೆಯ ಐಜಿ, ಪ್ರಕಟಿಸಿದರೆ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಪತ್ರ ಬರೆದರು. 1994ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ತಮ್ಮ ಮಾನಕ್ಕೆ ಕುಂದು ಬರಬಹುದು ಎಂಬ ಕಾರಣಕ್ಕೆ ಪ್ರಕಟಣೆಯನ್ನು ಮೊದಲೇ ತಡೆಯುವ ಅಧಿಕಾರ ಸರ್ಕಾರಕ್ಕೂ ಇಲ್ಲ, ಅಧಿಕಾರಿಗಳಿಗೂ ಇಲ್ಲ. ದೂರಿದ್ದರೆ ಪ್ರಕಟವಾದ ಮೇಲೆ ಕೋರ್ಟಿಗೆ ಬರಬೇಕು. ಅಷ್ಟೇ ಅಲ್ಲ, ಅಧಿಕಾರಿಯ ಕರ್ತವ್ಯದ ಬಗ್ಗೆ ಬರೆದಿದ್ದರೆ, ಬರೆದದ್ದು ಸುಳ್ಳು ಮತ್ತು ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಬರೆದದ್ದು ಎಂದು ಆ ಅಧಿಕಾರಿ ತೋರಿಸದ ಹೊರತು ಪರಿಹಾರದ ದಾವೆ ನಿಲ್ಲುವುದಿಲ್ಲ ಎಂದಿತು.

ಆ ಅಧಿಕಾರಿಗೆ ಒಂದು ಪತ್ರ ಬರೆಯಿರಿ. ಜಗಳದ ಧಾಟಿ ಬೇಡ. ‘ಇಂಥ ದಿನ ತಾವು ಫೋನಿನಲ್ಲಿ ಹೀಗೆ ತಿಳಿಸಿದ್ದೀರಿ. ಯಾವ ಕಾನೂನಿನ ಯಾವ ಸೆಕ್ಷನ್ ಅಡಿ ಎಂದು ದಯವಿಟ್ಟು ಲಿಖಿತವಾಗಿ ತಿಳಿಸಿ.’ ಇಷ್ಟೇ ಸಾಕು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹೆಚ್ಚಿನ ಸಲ ಉತ್ತರ ಬರುವುದಿಲ್ಲ. ಬರದಿದ್ದರೂ ಆ ಸೀಲು ಇರುವ ಪ್ರತಿ ಮುಂದೆ ನಿಮ್ಮ ಪರವಾಗಿ ಮಾತಾಡುತ್ತದೆ.

ಠಾಣೆಯ ಫೋನಿಗೆ ಕೂಡ ಇದೇ ಕ್ರಮ. ‘ಸುಮ್ನೆ ಬಂದು ಹೋಗಿ’ ಎಂಬ ಕರೆಗೆ ಕಾನೂನಿನ ಬಲ ಇಲ್ಲ. ಸಾಕ್ಷಿಯಾಗಿ ಕರೆಯುವುದಿದ್ದರೆ ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಅಡಿ ಲಿಖಿತ ಆದೇಶ ಬೇಕು. ಹೆಂಗಸರನ್ನು, 60 ವರ್ಷ ದಾಟಿದವರನ್ನು ಹಾಗೆ ಠಾಣೆಗೆ ಕರೆಸುವಂತೆಯೇ ಇಲ್ಲ, ಅವರಿರುವ ಕಡೆಗೇ ಹೋಗಿ ವಿಚಾರಿಸಬೇಕು. ಆರೋಪಿಯಾಗಿ ಕರೆಯುವುದಿದ್ದರೆ 35(3)ರ ನೋಟಿಸ್ ಬೇಕು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿ ಮುಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಇನ್ನೊಂದು ಮುಖ್ಯ ಸಂಗತಿ. ಮಾನನಷ್ಟದ ಆರೋಪದ ಮೇಲೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ತನಿಖೆ ಮಾಡುವಂತಿಲ್ಲ. ಅದು ಅಸಂಜ್ಞೇಯ ಅಪರಾಧ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಹಾಗಾಗಿ ಠಾಣೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ‘ಯಾವ ಸೆಕ್ಷನ್ ಸರ್?’

ಕೆಲವೊಮ್ಮೆ ಮಾನನಷ್ಟದ ಬದಲು ‘ಗುಂಪುಗಳ ನಡುವೆ ದ್ವೇಷ’ ಎಂಬ ಸೆಕ್ಷನ್ ಸೇರಿಸಿಬಿಡುತ್ತಾರೆ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 196. ಅದು ಸಂಜ್ಞೇಯ, ಎಫ್‌ಐಆರ್ ಆಗಬಹುದು. ಬಾಬಾಬುಡನ್‌ಗಿರಿಯ ವಿವಾದ ಕಂಡಿರುವ ನಮ್ಮ ಜಿಲ್ಲೆಗಳಲ್ಲಿ ಈ ಸೆಕ್ಷನ್ ಜನರಿಗೆ ಹೊಸದಲ್ಲ. 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಮಾತು ಹೇಳಿತು. ಮಾತು, ಬರಹಕ್ಕೆ ಸಂಬಂಧಿಸಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧ ಎಂದು ದೂರು ಬಂದರೆ, ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಮಾಡುವುದು ಯಾವತ್ತೂ ಸೂಕ್ತ ಎಂದಿತು. ಬರಹವನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ ಓದುಗರ ಕಣ್ಣಿನಿಂದ ನೋಡಬೇಕು, ಎಲ್ಲದಕ್ಕೂ ಬೆದರುವವರ ಕಣ್ಣಿನಿಂದ ಅಲ್ಲ ಎಂದೂ ಹೇಳಿತು. ಈ ತೀರ್ಪಿನ ಒಂದು ಪ್ರತಿ ನಿಮ್ಮ ಕಚೇರಿಯಲ್ಲಿ ಇರಲಿ.

ಈಗ 5 ಕೋಟಿಯ ನೋಟಿಸ್. ನಿಮ್ಮ ನಿದ್ದೆ ಕೆಡಿಸಿರುವುದು ಇದೇ ಅಲ್ವಾ?

ವಕೀಲರ ನೋಟಿಸ್ ಕೋರ್ಟಿನ ಆದೇಶ ಅಲ್ಲ. ಅದರಲ್ಲಿ ಎಷ್ಟು ಕೋಟಿ ಬರೆದರೂ ಕಾಗದದ ಖರ್ಚು ಅಷ್ಟೇ. ದಾವೆ ಹಾಕುವಾಗ ಮಾತ್ರ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. ಕೋಟಿಗಟ್ಟಲೆ ಕೇಳಿದ ಎಷ್ಟೋ ನೋಟಿಸ್‌ಗಳು ಅಲ್ಲೇ ನಿಂತುಬಿಡುತ್ತವೆ. ಬರಹದ ಮಾನನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಪ್ರಕಟವಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಕ್ರಿಮಿನಲ್ ದೂರಿಗೆ ಮೂರು ವರ್ಷ ಕಾಲಾವಕಾಶ ಇದೆ. ಆ ದಿನಗಳನ್ನು ಗುರುತು ಹಾಕಿಕೊಳ್ಳಿ.

ಇದರರ್ಥ ನೋಟಿಸನ್ನು ಡ್ರಾಯರ್‌ಗೆ ಹಾಕಿ ಮರೆಯಿರಿ ಎಂದಲ್ಲ. ಉತ್ತರ ಕೊಡಲೇಬೇಕು. ಅದಕ್ಕೆ ಮೊದಲು ನಿಮ್ಮ ಎರಡೂ ಲೇಖನಗಳನ್ನು ಎದುರು ಪಕ್ಷದ ವಕೀಲರಂತೆ ಕೂತು ಓದಿ. ಪ್ರತಿ ವಾಕ್ಯದ ಪಕ್ಕ ಅದಕ್ಕೆ ಆಧಾರವಾದ ದಾಖಲೆ ಬರೆಯಿರಿ. ಜಾಗ ಗೋಮಾಳ ಎಂದು ಬರೆದಿದ್ದೀರಿ, ಪಹಣಿಯಲ್ಲಿ ಹಾಗೇ ಇದೆಯೇ? ಸರ್ವೆ ನಂಬರ್ ಸರಿಯಾಗಿದೆಯೇ? ನಂತರ ಮಂಜೂರಾತಿ ಏನಾದರೂ ಆಗಿದೆಯೇ? ಹಳ್ಳ ಗ್ರಾಮನಕ್ಷೆಯಲ್ಲಿ ಇದೆಯೇ? ಪಂಚಾಯಿತಿ ಪರವಾನಗಿ ಕೊಟ್ಟಿದೆಯೋ ಇಲ್ಲವೋ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದ ಉತ್ತರ ಇದೆಯೇ? ದೃಢೀಕೃತ ನಕಲು ತೆಗೆಸಿ ಇಟ್ಟುಕೊಳ್ಳಿ. ಹಳ್ಳ ಮುಚ್ಚಿದ ಫೋಟೋ ತೆಗೆದ ಫೋನನ್ನು ಮಾರಬೇಡಿ, ಮೂಲ ಕಡತ ಅಳಿಸಬೇಡಿ. ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಸಿವಿಲ್ ದಾವೆಯಲ್ಲಿ ಸತ್ಯವೇ ರಕ್ಷಣೆ. ಕ್ರಿಮಿನಲ್‌ನಲ್ಲಿ ಸತ್ಯದ ಜೊತೆಗೆ ಸಾರ್ವಜನಿಕ ಹಿತವೂ ಇರಬೇಕು. ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನ ಮೊದಲ ವಿನಾಯಿತಿಯೇ ಅದು. ಊರಿನ ಗೋಮಾಳ, ಊರಿನ ಹಳ್ಳದ ವಿಷಯದಲ್ಲಿ ಸಾರ್ವಜನಿಕ ಹಿತ ತೋರಿಸುವುದು ಕಷ್ಟವಲ್ಲ. ಹೊಸ ಸುರಕ್ಷಾ ಸಂಹಿತೆಯಲ್ಲಿ ನಿಮಗೆ ಅನುಕೂಲವಾದ ಒಂದು ಬದಲಾವಣೆಯೂ ಇದೆ. ಖಾಸಗಿ ದೂರನ್ನು ಮ್ಯಾಜಿಸ್ಟ್ರೇಟ್ ವಿಚಾರಣೆಗೆ ಅಂಗೀಕರಿಸುವ ಮೊದಲೇ ಆರೋಪಿಗೆ ಮಾತಾಡಲು ಅವಕಾಶ ಕೊಡಬೇಕು. ಆ ದಿನ ತಪ್ಪಿಸಬೇಡಿ.

ಭಯಪಡಬೇಕಾದ್ದು ಪರಿಹಾರದ ಮೊತ್ತಕ್ಕಲ್ಲ, ಏಕಪಕ್ಷೀಯ ತಡೆಯಾಜ್ಞೆಗೆ ಮತ್ತು ವರ್ಷಗಟ್ಟಲೆ ಎಳೆಯುವ ಅಲೆದಾಟಕ್ಕೆ. ಎರಡಕ್ಕೂ ಉದಾಹರಣೆ ನಮ್ಮ ನಡುವೆಯೇ ಇವೆ.

ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ 2023ರ ಜೂನ್‌ನಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ 86 ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ಪಡೆದಿದ್ದರು. ತಮ್ಮ ಬಗ್ಗೆ ಮಾನಹಾನಿಕರವಾದದ್ದು ಏನೂ ಬರಬಾರದು ಎಂದು. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ, ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಕ್ಕೆ ಸಂಬಂಧಿಸಿದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಬೀದಿಗೆ ಬಂದವು. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಒಂದು ಅತ್ಯಾಚಾರ ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಈ ಊರಿನಲ್ಲಿ ಬದುಕುವ ನನಗೆ ಇದು ನೋವಿನ ವಿಷಯ. ಜವಾಬ್ದಾರಿಯಿಂದ ಬರೆಯಬಲ್ಲ ಪತ್ರಿಕೆಗಳ ಕೈ ಕಟ್ಟಿತ್ತು. ಯಾವ ಹೊಣೆಯೂ ಇಲ್ಲದ ಪೆನ್‌ಡ್ರೈವ್ ಮಾತ್ರ ಮನೆಮನೆ ತಲುಪಿತು. ಸಂತ್ರಸ್ತ ಹೆಣ್ಣುಮಕ್ಕಳ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಹಳೆಯ ದಂಡ ಸಂಹಿತೆಯಲ್ಲೂ ಅಪರಾಧವೇ ಆಗಿತ್ತು. ಒಬ್ಬ ಸಂಪಾದಕರ ಮೇಜಿನ ಮೇಲೆ ಆ ಸುದ್ದಿ ಹಾದು ಬಂದಿದ್ದರೆ ಆ ಮುಖಗಳು, ಹೆಸರುಗಳು ಮುಚ್ಚಿರುತ್ತಿದ್ದವು. ಪತ್ರಿಕೆಯ ಬಾಯಿ ಮುಚ್ಚಿದರೆ ಸುದ್ದಿ ಸಾಯುವುದಿಲ್ಲ, ಅದು ಕೆಟ್ಟ ಕೈಗೆ ಹೋಗುತ್ತದೆ. ಹಾಸನಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ತಡೆಯಾಜ್ಞೆಗಳ ಬಗ್ಗೆ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಕಟ್ಟುನಿಟ್ಟಾಗಿ ಮಾತಾಡಿದೆ. ಬರಹ ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಎಂದು ಕಾಣುವ ಅಪರೂಪದ ಸಂದರ್ಭ ಬಿಟ್ಟು, ಪೂರ್ಣ ವಿಚಾರಣೆ ಇಲ್ಲದೆ ಲೇಖನವನ್ನು ತಡೆಯಬಾರದು ಎಂದಿತು. ವಿಚಾರಣೆ ಮುಗಿಯುವ ಮೊದಲೇ ಕೊಡುವ ತಡೆ ಎಷ್ಟೋ ಸಲ ಆ ಬರಹಕ್ಕೆ ಮರಣದಂಡನೆ ಆಗುತ್ತದೆ ಎಂಬ ಅರ್ಥದ ಮಾತೂ ಅದರಲ್ಲಿದೆ. ನೀವು ಮಾಡಬೇಕಾದ್ದು ಕೇವಿಯಟ್ ಹಾಕುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್. ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮುಂಚಿತವಾಗಿ ಕೊಡುವ ಅರ್ಜಿ ಅದು. 90 ದಿನ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು. ಮೂಡಿಗೆರೆ, ಚಿಕ್ಕಮಗಳೂರಿನಲ್ಲಿ ಮಾತ್ರ ಹಾಕಿದರೆ ಸಾಲದು. ನಿಮ್ಮ ಪತ್ರಿಕೆ ಬೆಂಗಳೂರಿನ ಚಂದಾದಾರರಿಗೂ ಹೋಗುತ್ತದೆಯಾದರೆ ಅಲ್ಲೂ ದಾವೆ ಹಾಕಬಹುದು. ದೂರದ ಕೋರ್ಟಿಗೆ ಎಳೆಯುವುದೂ ಒಂದು ತಂತ್ರ. ಆದ್ದರಿಂದ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೂ ಒಂದು ಕೇವಿಯಟ್ ಇರಲಿ.

ಅಲೆದಾಟದ ಉದಾಹರಣೆ ಗೌರಿ ಲಂಕೇಶ್. ಅವರ ವಾರಪತ್ರಿಕೆಯಲ್ಲಿ 2008ರ ಜನವರಿಯಲ್ಲಿ ಬಂದ ಒಂದು ವರದಿಗೆ ಹುಬ್ಬಳ್ಳಿಯ ಕೋರ್ಟ್ ಆರು ತಿಂಗಳ ಶಿಕ್ಷೆ ಕೊಟ್ಟಿದ್ದು 2016ರ ನವೆಂಬರ್‌ನಲ್ಲಿ. ಎಂಟು ವರ್ಷಕ್ಕೂ ಜಾಸ್ತಿ! ಅವರಿಗೆ ಮೇಲ್ಮನವಿಗಾಗಿ ಜಾಮೀನು ಸಿಕ್ಕಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಚಿಕ್ಕಮಗಳೂರಿನವರಿಗೆ ಅವರು ಅಪರಿಚಿತರಲ್ಲ, ಕೋಮು ಸೌಹಾರ್ದದ ಹೋರಾಟದಲ್ಲಿ ಇಲ್ಲಿಯವರ ಜೊತೆ ನಿಂತವರು. ಅವರ ಎಲ್ಲ ಬರಹ ಒಪ್ಪಬೇಕೆಂದಿಲ್ಲ. ಆದರೆ ಒಂದು ಸಣ್ಣ ಕನ್ನಡ ಪತ್ರಿಕೆಯ ಸಂಪಾದಕಿ ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನು ನಾವು ಮರೆಯಬಾರದು. ನಿಮಗೆ ಬಂದ ಕರೆಗಳಲ್ಲಿ ಜೀವಬೆದರಿಕೆಯ ಧಾಟಿ ಒಂದೇ ಒಂದು ಇದ್ದರೂ ತಡಮಾಡದೆ ಎಸ್‌ಪಿಗೆ ಲಿಖಿತ ದೂರು ಕೊಡಿ. ದಿನ, ಸಮಯ, ನಂಬರ್ ಎಲ್ಲ ಬರೆಯಿರಿ.

ಮುದ್ರಕರ ವಿಷಯದಲ್ಲಿ ಸ್ವಲ್ಪ ಸಹಾನುಭೂತಿ ಇರಲಿ ಎಂದು ಕೇಳುತ್ತೇನೆ. ಅವರ ಹೆದರಿಕೆಗೆ ಆಧಾರ ಇದೆ. ಮಾನಹಾನಿಕರ ಎಂದು ಗೊತ್ತಿದ್ದೂ ಅಚ್ಚು ಹಾಕುವುದು 356ನೇ ಸೆಕ್ಷನ್‌ನಲ್ಲೇ ಪ್ರತ್ಯೇಕ ಅಪರಾಧ. ಅವರಿಗೆ ಮದುವೆ ಕರೆಯೋಲೆ, ಬಿಲ್ ಪುಸ್ತಕ, ಚುನಾವಣೆ ಕರಪತ್ರದಲ್ಲಿ ಹೊಟ್ಟೆ ತುಂಬಬೇಕು. ನಿಮ್ಮ ಪಾಕ್ಷಿಕಕ್ಕಾಗಿ ಅವರು ಕೋರ್ಟಿಗೆ ಅಲೆಯಬೇಕೆಂದು ಬಯಸುವುದು ನ್ಯಾಯವಲ್ಲ. ಬರಹದ ಪೂರ್ತಿ ಹೊಣೆ ನಮ್ಮದು, ಮೊಕದ್ದಮೆ ಬಂದರೆ ಖರ್ಚೂ ನಮ್ಮದು ಎಂದು ಬರೆದುಕೊಡಿ. ಕ್ರಿಮಿನಲ್ ಮೊಕದ್ದಮೆಯಿಂದ ಅದು ಅವರನ್ನು ಬಿಡಿಸುವುದಿಲ್ಲ, ಆದರೆ ಮನಸ್ಸಿಗೆ ಧೈರ್ಯ ಕೊಡುತ್ತದೆ. ಆಗಲೂ ಒಪ್ಪದಿದ್ದರೆ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಬೇರೆ ಪ್ರೆಸ್ ಹುಡುಕಿ. ಹಾಗೆ ಬದಲಾಯಿಸಿದರೆ ಪತ್ರಿಕೆಯ ಕೊನೆಯ ಪುಟದ ಸಾಲಿನಲ್ಲಿ ಹೊಸ ಮುದ್ರಣಾಲಯದ ನಿಜವಾದ ಹೆಸರು, ವಿಳಾಸ ಬರಬೇಕು. ಪತ್ರಿಕಾ ನೋಂದಣಿಯ ಸರ್ಕಾರಿ ಜಾಲತಾಣವಾದ ಪ್ರೆಸ್ ಸೇವಾ ಪೋರ್ಟಲ್‌ನಲ್ಲೂ ವಿವರ ತಿದ್ದಬೇಕು.

ಇದನ್ನು ಹೇಳುವಾಗ ನನಗೆ ನಿಜವಾದ ಆತಂಕ ಇರುವುದು ಇಲ್ಲೇ. ಪತ್ರಿಕೆ ಮುಚ್ಚಿಸಬೇಕು ಎಂದಿರುವವರು ನಿಮ್ಮ ಲೇಖನದ ತಪ್ಪು ಹುಡುಕುವುದಕ್ಕಿಂತ ನಿಮ್ಮ ನೋಂದಣಿಯ ತಪ್ಪು ಹುಡುಕುವುದು ಸುಲಭ. 1867ರ ಹಳೆಯ ಕಾಯ್ದೆ ಹೋಗಿ, 2023ರ ಪತ್ರಿಕಾ ಮತ್ತು ನಿಯತಕಾಲಿಕ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹಳೆಯದರಲ್ಲಿ ಡಿಸಿಯವರ ಮುಂದೆ ಡಿಕ್ಲರೇಷನ್ ಕೊಡಬೇಕಿತ್ತು, ಅದನ್ನು ರದ್ದು ಮಾಡುವ ಅಧಿಕಾರವೂ ಅವರಿಗಿತ್ತು. ಈಗ ನೋಂದಣಿ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ದೆಹಲಿಯ ಪ್ರೆಸ್ ರಿಜಿಸ್ಟ್ರಾರ್ ಜನರಲ್‌ಗೆ. ಸುಳ್ಳು ಮಾಹಿತಿ ಕೊಟ್ಟು ನೋಂದಣಿ ಪಡೆದರೆ, ಸತತವಾಗಿ ಪ್ರಕಟಿಸದೆ ಇದ್ದರೆ, ವಾರ್ಷಿಕ ವಿವರಣೆಯಲ್ಲಿ ತಪ್ಪು ಕೊಟ್ಟರೆ 30 ದಿನದಿಂದ 180 ದಿನದವರೆಗೆ ಅಮಾನತು ಮಾಡಬಹುದು. ಅದಕ್ಕೂ ಮೊದಲು ಕಾರಣ ಕೇಳಿ ನೋಟಿಸ್ ಕೊಡಬೇಕು. ವಿರುದ್ಧ ಆದೇಶ ಬಂದರೆ 60 ದಿನದೊಳಗೆ ಮೇಲ್ಮನವಿ ಮಂಡಳಿಗೆ ಹೋಗಬಹುದು. ಒಂದು ರೆಸಾರ್ಟ್ ಬಗ್ಗೆ ಬರೆದದ್ದು ಆ ಕಾರಣಗಳಲ್ಲಿ ಯಾವುದೂ ಅಲ್ಲ. ಆದರೆ ವಾರ್ಷಿಕ ವಿವರಣೆ ಸಲ್ಲಿಸಿಲ್ಲ, ಮಳೆಗಾಲದಲ್ಲಿ ನಾಲ್ಕೈದು ಸಂಚಿಕೆ ಬರಲೇ ಇಲ್ಲ ಎಂಬುದು ದೂರು ಕೊಡುವವರಿಗೆ ಒಳ್ಳೆಯ ಹಿಡಿ. ದಯವಿಟ್ಟು ಈ ವಾರವೇ ಆ ಕಡತ ತೆಗೆದು ನೋಡಿ.

ಪ್ರತಿಗಳನ್ನು ಅಂಗಡಿಯಿಂದ ಎತ್ತಿಕೊಂಡು ಹೋಗಬಹುದೇ ಎಂಬ ಭಯ ಇದ್ದರೆ ಅದಕ್ಕೂ ಉತ್ತರ ಇದೆ. ಮುಟ್ಟುಗೋಲು ಘೋಷಿಸುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ, ಸುರಕ್ಷಾ ಸಂಹಿತೆಯ 98ನೇ ಸೆಕ್ಷನ್ ಅಡಿ, ಅದೂ ಕೆಲವೇ ಅಪರಾಧಗಳಿಗೆ. ಮಾನನಷ್ಟ ಆ ಪಟ್ಟಿಯಲ್ಲಿ ಇಲ್ಲ. ಆದೇಶದಲ್ಲಿ ಕಾರಣ ಬರೆಯಲೇಬೇಕು. ಕಾರಣ ಬರೆಯದ ಆದೇಶವನ್ನು 1961ರಲ್ಲೇ ಸುಪ್ರೀಂ ಕೋರ್ಟ್ ಹರನಾಮ್ ದಾಸ್ ಪ್ರಕರಣದಲ್ಲಿ ಹೊಡೆದು ಹಾಕಿದೆ. ಹೈಕೋರ್ಟಿಗೆ ಹೋಗಲು ಎರಡು ತಿಂಗಳ ಅವಕಾಶ ಇದೆ.

ಪತ್ರಿಕೆಯನ್ನು ವೆಬ್‌ಸೈಟಿನಲ್ಲೂ ಹಾಕುತ್ತಿದ್ದರೆ ಅಲ್ಲಿ ರಕ್ಷಣೆ ತೆಳು. 2025ರ ಫೆಬ್ರುವರಿಯಲ್ಲಿ ತಮಿಳಿನ ‘ವಿಕಟನ್’ ಒಂದು ವ್ಯಂಗ್ಯಚಿತ್ರ ಹಾಕಿತು. ಇಡೀ ವೆಬ್‌ಸೈಟೇ ಬಂದ್ ಆಯಿತು. ಮದ್ರಾಸ್ ಹೈಕೋರ್ಟ್ ಮಾರ್ಚ್‌ನಲ್ಲಿ ಅದನ್ನು ತೆರೆಸಿತು, ಆದರೆ ಆ ಚಿತ್ರವನ್ನು ಸದ್ಯಕ್ಕೆ ತೆಗೆದ ಮೇಲೆ. ಕಾಗದದ ಸಂಚಿಕೆಯನ್ನು ಚಂದಾದಾರರ ಮನೆಯಿಂದ ಯಾರೂ ವಾಪಸ್ ತೆಗೆದುಕೊಳ್ಳಲಾರರು. ಅಂಚೆಯಲ್ಲಿ ಹೋಗುವ ನಿಮ್ಮ ಪಾಕ್ಷಿಕದ ಬಲ ಅದು. ಮುದ್ರಣ ನಿಲ್ಲಿಸಿ ಬರೀ ವಾಟ್ಸಾಪ್ ಪಿಡಿಎಫ್ ಮಾಡೋಣ ಎಂಬ ಯೋಚನೆ ಬಂದಿದ್ದರೆ ಬಿಡಿ.

ಜಾಹೀರಾತಿನ ಬಗ್ಗೆ ಕಾನೂನು ಹೆಚ್ಚೇನೂ ಮಾಡಲಾರದು. ಖಾಸಗಿಯವರು ಕೊಡಲೇಬೇಕು ಎಂದಿಲ್ಲ. ಸರ್ಕಾರಿ ಜಾಹೀರಾತನ್ನು ಬರಹದ ಸಿಟ್ಟಿಗೆ ತಡೆಹಿಡಿದಿದ್ದಾರೆ ಎನಿಸಿದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಪತ್ರಿಕೆಯ ವಿರುದ್ಧ ಮಾತ್ರವಲ್ಲ, ಪತ್ರಿಕೆಗೆ ಅಡ್ಡಿ ಮಾಡುವ ಅಧಿಕಾರಿಗಳ ವಿರುದ್ಧವೂ ಮಂಡಳಿ ದೂರು ಕೇಳುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಮಂಡಳಿಗೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ, ನಿಜ. ಆದರೆ ಅಲ್ಲಿಂದ ನೋಟಿಸ್ ಬಂದಾಗ ಅಧಿಕಾರಿ ಲಿಖಿತ ಉತ್ತರ ಕೊಡಬೇಕಾಗುತ್ತದೆ. ನಮಗೆ ಬೇಕಾದ್ದು ಅದೇ. ಉಳಿದಂತೆ ಲಂಕೇಶರು 1980ರಿಂದ ಜಾಹೀರಾತೇ ಇಲ್ಲದೆ, ಓದುಗರು ಕೊಡುವ ಹಣದಲ್ಲೇ ವಾರಪತ್ರಿಕೆ ನಡೆಸಿ ತೋರಿಸಿದ್ದು ಇದೇ ಕನ್ನಡದಲ್ಲಿ. ಈಗಿನ ಕಾಗದದ ಬೆಲೆಯಲ್ಲಿ ಅದು ಕಷ್ಟ ಎಂದು ನನಗೆ ಗೊತ್ತು. ಆದರೂ ನಡೆದ ವಿಷಯವನ್ನು ಚಂದಾದಾರರಿಗೆ ಮುಚ್ಚಿಡದೆ ಬರೆದು ತಿಳಿಸಿ. ಯಾರು ಯಾಕೆ ಜಾಹೀರಾತು ನಿಲ್ಲಿಸಿದರು ಎಂಬ ಊಹೆ ಬೇಡ. ಇಷ್ಟು ಕೊರತೆ ಬಿದ್ದಿದೆ ಎಂಬ ಲೆಕ್ಕ ಸಾಕು.

ಕೊನೆಯದು ಕ್ಷಮಾಪಣೆ. ನಿಮ್ಮ ಎರಡೂ ಲೇಖನ ಓದಿದೆ. ದಾಖಲೆಗಳು ಸರಿಯಿದ್ದರೆ ಕ್ಷಮೆ ಕೇಳಬೇಡಿ. ಸುಳ್ಳು ಬರೆದೆವು ಎಂದು ಒಮ್ಮೆ ಅಚ್ಚು ಹಾಕಿದರೆ, ಮುಂದೆ ಆ ಗೋಮಾಳದ ವಿಷಯ ತಹಶೀಲ್ದಾರರ ಮುಂದೆ ಬಂದಾಗ ಅದೇ ಪುಟವನ್ನು ಊರಿನವರ ವಿರುದ್ಧ ತೋರಿಸುತ್ತಾರೆ. ಆದರೆ ಎರಡನೇ ಲೇಖನದಲ್ಲಿ ಮಾಲೀಕರ ಮನೆಯವರ ಬಗ್ಗೆ ಒಂದು ಪ್ಯಾರಾ ಇದೆ. ಅದಕ್ಕೂ ಜಾಗಕ್ಕೂ ಸಂಬಂಧ ಇಲ್ಲ, ಆಧಾರವೂ ಕೊಟ್ಟಿಲ್ಲ. ಅದನ್ನು ಉಳಿಸಿಕೊಳ್ಳಲು ಹೋಗಬೇಡಿ. ಆ ಪ್ಯಾರಾ ಹಿಂದೆಗೆದುಕೊಂಡಿದ್ದೇವೆ, ವಿಷಾದಿಸುತ್ತೇವೆ ಎಂದು ಮುಂದಿನ ಸಂಚಿಕೆಯಲ್ಲಿ, ಲೇಖನ ಬಂದಿದ್ದ ಪುಟದಲ್ಲೇ, ಸ್ಪಷ್ಟವಾಗಿ ಹಾಕಿ. ಜಾಗದ ಬಗ್ಗೆ ರೆಸಾರ್ಟ್‌ನವರು ಏನು ಹೇಳುತ್ತಾರೋ ಅದಕ್ಕೂ ಅಷ್ಟೇ ಜಾಗ ಕೊಡುತ್ತೇವೆ ಎಂದು ನೋಟಿಸ್‌ನ ಉತ್ತರದಲ್ಲಿ ಬರೆಯಿರಿ. ಗೋಮಾಳ, ಹಳ್ಳ ಎರಡರ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವೂ ಹಿಂದೆಗೆಯುವುದಿಲ್ಲ ಎಂದೂ ಬರೆಯಿರಿ. ನೋಟಿಸ್‌ನಲ್ಲಿ ಕೊಟ್ಟ ಗಡುವಿನ ಒಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಪಹಣಿ ನಕಲಿನ ಜೊತೆಗೇ ಇಡಿ. ಉತ್ತರದ ಕರಡನ್ನು ಮೊದಲು ಚಿಕ್ಕಮಗಳೂರಿನಲ್ಲಿ ನಿಮಗೆ ನಂಬಿಕೆ ಇರುವ ಒಬ್ಬ ವಕೀಲರಿಗೆ ತೋರಿಸಿ. ಶುಲ್ಕ ಕೊಡುವುದು ಕಷ್ಟವಾದರೆ, ಮತ್ತು ನಿಮ್ಮಲ್ಲಿ ಒಬ್ಬರು ಮಹಿಳೆ ಅಥವಾ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದವರಾಗಿದ್ದರೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಅವರಿಗೆ ಉಚಿತವಾಗಿ ವಕೀಲರು ಸಿಗಲು ಅವಕಾಶ ಇದೆ. ಅದರ ಕಚೇರಿ ಎಲ್ಲಿದೆ ಎಂದು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕೇಳಿ.